ಪೂರ್ತಿ ತೆಗೆದ ಮಿದುಳಿನ ಗಡ್ಡೆ ಮತ್ತೆ ಬರುವುದು ಎಲ್ಲಿಂದ?

ಪ್ರಶ್ನೆ: ನಮ್ಮ ಅಣ್ಣನಿಗೆ 52 ವರ್ಷ. ಕಳೆದ ವರ್ಷ ಇದ್ದಕ್ಕಿದ್ದಂತೆ ಫಿಟ್ಸ್ ಬಂತು. ಎಂಆರ್‌ಐ ಮಾಡಿಸಿದಾಗ ಮಿದುಳಿನ ಬಲಗಡೆ ಗಡ್ಡೆ ಕಂಡಿತು. ಆಪರೇಷನ್ ಆಯಿತು. ಪೂರ್ತಿ ತೆಗೆದಿದ್ದೇವೆ ಅಂದರು, ಆಮೇಲಿನ ಸ್ಕ್ಯಾನ್ ಕೂಡ ಚೆನ್ನಾಗಿತ್ತು. ರೇಡಿಯೇಷನ್ ಆಯಿತು, ಟೆಮೊಜೊಲೊಮೈಡ್ ಅನ್ನುವ ಕೀಮೋ ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ. ಆದರೂ ಹತ್ತು ತಿಂಗಳಿಗೆ ಅದೇ ಜಾಗದ ಪಕ್ಕದಲ್ಲಿ ಮತ್ತೆ ಬಂದಿದೆ ಅನ್ನುತ್ತಿದ್ದಾರೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಗ್ಲಯೋಬ್ಲಾಸ್ಟೋಮ, ಗ್ರೇಡ್ 4, ಐಡಿಎಚ್1 ಆರ್132ಎಚ್ ನೆಗೆಟಿವ್, ಎಟಿಆರ್‌ಎಕ್ಸ್ ರಿಟೇನ್ಡ್, ಎಂಜಿಎಂಟಿ ಮಿಥೈಲೇಟೆಡ್’ ಅಂತಿದೆ. ಮಿಥೈಲೇಟೆಡ್ ಅಂದರೆ ಒಳ್ಳೆಯದು ಅಂದಿದ್ದರು, ಹಾಗಾದರೆ ಇದು ಯಾಕೆ ಬಂತು? ಜರ್ಮನಿಯ ವಿಜ್ಞಾನಿಗಳು ಗಡ್ಡೆಯ ಕೋಶಗಳನ್ನು ಜೀವಂತವಾಗಿ ನೋಡಿದ್ದಾರಂತೆ, ಅವು ನರಗಳ ಜೊತೆ ಕೂಡಿಕೊಳ್ಳುತ್ತವಂತೆ, ನಿಜವಾ? ಅದರಿಂದ ಔಷಧ ಬಂದಿದೆಯಾ? ಅಣ್ಣನ ಮಕ್ಕಳಿಗೆ ಜೀನ್ ಟೆಸ್ಟ್ ಮಾಡಿಸಬೇಕಾ? ನಾವು ಬೇರೆ ಆಸ್ಪತ್ರೆಗೆ ಹೋಗಬೇಕಿತ್ತಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಅದೇ ಅನ್ನಿಸಿತು. ಗ್ಲಯೋಬ್ಲಾಸ್ಟೋಮ ಅಂದರೆ ಮಿದುಳಿನಲ್ಲೇ ಹುಟ್ಟುವ ಕ್ಯಾನ್ಸರ್ ಗಡ್ಡೆ, ಗ್ರೇಡ್ 4 ಅಂದರೆ ಅತಿ ಜೋರಿನ ದರ್ಜೆ. ನೀವು ಬರೆದಿರುವುದನ್ನು ನೋಡಿದರೆ, ಅಣ್ಣನಿಗೆ ಸಿಕ್ಕಿದ್ದು ಜಗತ್ತಿನ ಯಾವ ದೊಡ್ಡ ಆಸ್ಪತ್ರೆಗೆ ಹೋಗಿದ್ದರೂ ಸಿಗುತ್ತಿದ್ದ ಚಿಕಿತ್ಸೆಯೇ. ಆಪರೇಷನ್, ರೇಡಿಯೇಷನ್, ಜೊತೆಗೆ ಟೆಮೊಜೊಲೊಮೈಡ್. 2005ರಿಂದ ಎಲ್ಲ ಕಡೆ ಇದೇ ಕ್ರಮ. ಆ ವರ್ಷ ಯುರೋಪ್ ಮತ್ತು ಕೆನಡಾದ ವೈದ್ಯರು 573 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಹೊರಬಂತು. ಬರೀ ರೇಡಿಯೇಷನ್ ತಗೊಂಡವರಲ್ಲಿ ಎರಡು ವರ್ಷ ದಾಟಿದವರು ನೂರಕ್ಕೆ 10 ಮಂದಿ. ಮಾತ್ರೆಯನ್ನೂ ತಗೊಂಡವರಲ್ಲಿ ನೂರಕ್ಕೆ 26 ಮಂದಿ. ಅಣ್ಣ ಎಷ್ಟು ದಿನ ಇರುತ್ತಾರೆ ಅಂತ ಈ ಅಂಕಿ ಹೇಳುವುದಿಲ್ಲ. ಆ ಮಾತ್ರೆಯನ್ನು ಯಾಕೆ ಕೊಟ್ಟರು ಅಂತ ಮಾತ್ರ ಹೇಳುತ್ತದೆ. ಆದ್ದರಿಂದ ಆಸ್ಪತ್ರೆಯ ಚಿಂತೆ ಬಿಡಿ. ಸರ್ಜನ್ ಸುಳ್ಳು ಹೇಳಿದರು ಅಂತಲೂ ಅಂದುಕೊಳ್ಳಬೇಡಿ.

‘ಪೂರ್ತಿ ತೆಗೆದಿದ್ದೇವೆ’ ಅಂದರೆ, ಸ್ಕ್ಯಾನಿನಲ್ಲಿ ಕಾಣುವುದನ್ನು ಪೂರ್ತಿ ತೆಗೆದಿದ್ದೇವೆ ಅಂತ. ಎಂಆರ್‌ಐ ಮಾಡುವಾಗ ಕೈಗೆ ಗ್ಯಾಡೋಲಿನಿಯಂ ಇಂಜೆಕ್ಷನ್ ಕೊಡುತ್ತಾರಲ್ಲ, ಅದು ರಕ್ತನಾಳ ಸೋರುವ ಕಡೆ ಮಾತ್ರ ಹೊರಬಂದು ಬಿಳಿಯಾಗಿ ಕಾಣುತ್ತದೆ. ಗಡ್ಡೆಯ ನಡುಭಾಗದಲ್ಲಿ ನಾಳಗಳು ಕೆಟ್ಟು ಸೋರುತ್ತಿರುತ್ತವೆ. ಅಂಚಿನಿಂದ ಆಚೆ ಹೋದ ಕೋಶಗಳು ಮಾತ್ರ ಆರೋಗ್ಯವಾಗಿರುವ ಮಿದುಳಿನ ನಡುವೆ ಒಂದೊಂದಾಗಿ ಹರಡಿರುತ್ತವೆ. ಅಲ್ಲಿ ನಾಳ ಸೋರುವುದಿಲ್ಲ, ಬಿಳಿ ಕಾಣುವುದಿಲ್ಲ. ಈಗ ಕೆಲವು ಕಡೆ ಆಪರೇಷನ್‌ಗೆ ಮುಂಚೆ 5-ಎಎಲ್‌ಎ ಅನ್ನುವ ದ್ರವ ಕುಡಿಸುತ್ತಾರೆ. ನೀಲಿ ಬೆಳಕು ಬಿಟ್ಟಾಗ ಗಡ್ಡೆಯ ಕೋಶಗಳು ಕೆಂಪಗೆ ಹೊಳೆಯುತ್ತವೆ. 2006ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ, ಇದನ್ನು ಬಳಸಿದಾಗ ನೂರರಲ್ಲಿ 65 ಮಂದಿಗೆ ಸ್ಕ್ಯಾನಿನಲ್ಲಿ ಏನೂ ಉಳಿಯದಂತೆ ತೆಗೆಯಲು ಆಯಿತು. ಮಾಮೂಲಿ ಬೆಳಕಿನಲ್ಲಿ 36 ಮಂದಿಗೆ ಮಾತ್ರ. ಇದು ತುಂಬಾ ಒಳ್ಳೆಯ ಸಾಧನ. ಆದರೂ ಅಂಚಿನಾಚೆ ಚದುರಿದ ಕೋಶಗಳು ಇದಕ್ಕೂ ಸಿಗುವುದಿಲ್ಲ.

ಇದು ಹೊಸ ತಿಳಿವಳಿಕೆ ಏನಲ್ಲ. 1928ರಲ್ಲಿ ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ ಒಂದು ವರದಿ ಪ್ರಕಟಿಸಿದರು. ಇಂಥ ಗಡ್ಡೆಯಿದ್ದು, ಆಗಲೇ ಎಡಗೈ ಎಡಗಾಲು ಬಿದ್ದುಹೋಗಿದ್ದ ಕೆಲವು ರೋಗಿಗಳಲ್ಲಿ ಅವರು ಮಿದುಳಿನ ಬಲ ಅರ್ಧವನ್ನೇ ತೆಗೆದಿದ್ದರು. ಒಂದಿಷ್ಟೂ ಉಳಿಯಬಾರದು ಅನ್ನುವುದು ಅವರ ಆಸೆ. ಆದರೂ ರೋಗ ಮತ್ತೆ ಬಂತು, ಉಳಿದ ಅರ್ಧದಲ್ಲಿ. ಚಾಕುವಿನಿಂದ ಗೆಲ್ಲಲು ಆಗದ ರೋಗ ಇದು ಅಂತ ಆಗಲೇ ಗೊತ್ತಾಗಿತ್ತು. ಯಾಕೆ ಅನ್ನುವುದು ಗೊತ್ತಾಗಲು ಇನ್ನೂ ಎಂಬತ್ತೈದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಈಗ ನಿಮ್ಮ ರಿಪೋರ್ಟಿಗೆ ಬರೋಣ. ಆಪರೇಷನ್‌ನಲ್ಲಿ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡುತ್ತಾರೆ. ಅದರಿಂದ ಕೂದಲಿಗಿಂತಲೂ ತುಂಬಾ ತೆಳುವಾದ ಪದರ ಕೊಯ್ದು ಗಾಜಿನ ಮೇಲೆ ಹಾಕುತ್ತಾರೆ. ‘ಐಡಿಎಚ್1 ಆರ್132ಎಚ್’ ಅನ್ನುವುದು ಒಂದು ಪ್ರೋಟೀನಿನಲ್ಲಿ ಆಗುವ ಒಂದೇ ಒಂದು ಅಕ್ಷರದಷ್ಟು ಬದಲಾವಣೆ. 132ನೇ ಜಾಗದಲ್ಲಿ ಅರ್ಜಿನೈನ್ ಇರಬೇಕಾದ ಕಡೆ ಹಿಸ್ಟಿಡೀನ್ ಬಂದಿರುತ್ತದೆ. ಆ ಬದಲಾದ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಜರ್ಮನಿಯ ಹೈಡೆಲ್‌ಬರ್ಗಿನ ಸಂಶೋಧಕರು ತಯಾರಿಸಿದರು. ಗಾಜಿನ ಮೇಲೆ ಅದನ್ನು ಹಾಕಿದಾಗ, ಬದಲಾವಣೆ ಇದ್ದರೆ ಗಡ್ಡೆಯ ಕೋಶಗಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತವೆ. ಪಕ್ಕದಲ್ಲೇ ಇರುವ ಒಳ್ಳೆಯ ಕೋಶಗಳು ನೀಲಿಯಾಗೇ ಉಳಿಯುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನೀಲಿ ಮಿದುಳಿನ ನಡುವೆ ಅಲ್ಲೊಂದು ಇಲ್ಲೊಂದು ಕಂದು ಕೋಶ ನುಸುಳಿ ಹೋಗಿರುವುದು ಸ್ಪಷ್ಟ ಕಾಣುತ್ತದೆ. ನಿಮ್ಮ ಅಣ್ಣನ ಸ್ಲೈಡಿನಲ್ಲಿ ಆ ಕಂದು ಬರಲಿಲ್ಲ. ನೆಗೆಟಿವ್ ಅಂದರೆ ಅಷ್ಟೇ.

ಆ ಒಂದು ಅಕ್ಷರ ಇಷ್ಟು ದೊಡ್ಡದಾಗಲು ಕಾರಣ ಇದೆ. 2008ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 22 ಗ್ಲಯೋಬ್ಲಾಸ್ಟೋಮ ಗಡ್ಡೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನ್‌ಗಳನ್ನು ಒಂದೊಂದಾಗಿ ಓದಿದರು. ಐಡಿಎಚ್1 ಅನ್ನುವುದು ಕೋಶದ ದಿನನಿತ್ಯದ ರಾಸಾಯನಿಕ ಕೆಲಸ ನಡೆಸುವ ಒಂದು ಸಾಮಾನ್ಯ ಕಿಣ್ವ. ಕ್ಯಾನ್ಸರಿನಲ್ಲಿ ಅದರ ಹೆಸರು ಯಾರೂ ಕೇಳಿರಲಿಲ್ಲ. ಆ ಪಟ್ಟಿಯಲ್ಲಿ ಅದು ಮತ್ತೆ ಮತ್ತೆ ಬಂತು, ಅದೂ ಚಿಕ್ಕ ವಯಸ್ಸಿನವರಲ್ಲಿ, ಹೆಚ್ಚು ಕಾಲ ಬದುಕಿದವರಲ್ಲಿ. ಮುಂದಿನ ವರ್ಷವೇ ಕಾರಣದ ಸುಳಿವೂ ಸಿಕ್ಕಿತು. ಬದಲಾದ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಅನ್ನುವ ಬೇಡದ ವಸ್ತುವನ್ನು ರಾಶಿ ರಾಶಿ ಮಾಡುತ್ತದೆ. ಅದು ಕೋಶ ಬಲಿಯದಂತೆ ತಡೆದು ಇಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಕಣ್ಣಿಗೆ ಒಂದೇ ಥರ ಕಂಡರೂ ಇವು ಎರಡು ಬೇರೆ ರೋಗಗಳು ಅಂತ ಒಪ್ಪಿಕೊಳ್ಳಲೇಬೇಕಾಯಿತು. 2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ, ದೊಡ್ಡವರಲ್ಲಿ ಐಡಿಎಚ್ ಬದಲಾಗಿದ್ದರೆ ಅದನ್ನು ಗ್ಲಯೋಬ್ಲಾಸ್ಟೋಮ ಅಂತ ಕರೆಯುವ ಹಾಗೇ ಇಲ್ಲ.

ಈ ಶೋಧದಿಂದ ಒಂದು ಮಾತ್ರೆಯೂ ಬಂದಿದೆ, ಹೆಸರು ವೊರಾಸಿಡೆನಿಬ್. ಐಡಿಎಚ್ ಬದಲಾದ ಗ್ರೇಡ್ 2 ಗಡ್ಡೆಯ 331 ರೋಗಿಗಳಲ್ಲಿ ಪರೀಕ್ಷಿಸಿದಾಗ, ಔಷಧವಿಲ್ಲದ ಹುಸಿ ಮಾತ್ರೆ ತಗೊಂಡವರಲ್ಲಿ ಗಡ್ಡೆ ಮತ್ತೆ ಬೆಳೆಯಲು ಸರಾಸರಿ 11 ತಿಂಗಳು ಹಿಡಿದರೆ, ಇದನ್ನು ತಗೊಂಡವರಲ್ಲಿ ಸುಮಾರು 28 ತಿಂಗಳು ಹಿಡಿಯಿತು. 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಜೀನ್ ಓದಿದ್ದಕ್ಕೆ ಸಿಕ್ಕ ನಿಜವಾದ ಫಲ ಇದು, ನನಗೆ ಇದರ ಬಗ್ಗೆ ತುಂಬಾ ಸಂತೋಷವಿದೆ. ಆದರೆ ವಾಟ್ಸಾಪಿನಲ್ಲಿ ‘ಮಿದುಳಿನ ಗಡ್ಡೆಗೆ ಹೊಸ ಮಾತ್ರೆ’ ಅಂತ ಓಡಾಡುವ ಸುದ್ದಿ ನೋಡಿ ದಯವಿಟ್ಟು ಅದನ್ನು ಹುಡುಕಿಕೊಂಡು ಹೋಗಬೇಡಿ. ಅಣ್ಣನ ರೋಗಕ್ಕೆ ಅದು ಅಲ್ಲ.

ಎಂಜಿಎಂಟಿ ಕಥೆ ಬೇರೆ. ಟೆಮೊಜೊಲೊಮೈಡ್ ಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಎಂಜಿಎಂಟಿ ಆ ಪೆಟ್ಟನ್ನು ರಿಪೇರಿ ಮಾಡುವ ಪ್ರೋಟೀನ್. ಮಿಥೈಲೇಟೆಡ್ ಅಂದರೆ ಆ ಜೀನಿನ ಬಾಯಿ ಕಟ್ಟಿದೆ, ರಿಪೇರಿ ಆಗುವುದಿಲ್ಲ, ಹಾಗಾಗಿ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. 2005ರ ಅದೇ ಪ್ರಯೋಗದ ರೋಗಿಗಳಲ್ಲೇ ಇದನ್ನು ತೋರಿಸಿದರು. ನಿಮಗೆ ‘ಒಳ್ಳೆಯದು’ ಅಂದದ್ದು ನಿಜವೇ. ಆದರೆ ಅದು ಮಾತ್ರೆಗೂ ಕೋಶಕ್ಕೂ ನಡುವಿನ ವಿಷಯ. ಆ ಕೋಶ ಒಂಟಿಯಾಗಿದೆಯಾ, ಯಾರ ಜೊತೆ ಕೈ ಹಿಡಿದು ಕೂತಿದೆ ಅನ್ನುವುದು ಆ ಟೆಸ್ಟಿನಲ್ಲಿ ಬರುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ.

ಅಲ್ಲಿಗೆ ಹೋಗುವ ಮೊದಲು ಒಂದು ಸೋಲಿನ ಕಥೆ ಹೇಳಬೇಕು. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ ಎಲ್ಲ ಕ್ಯಾನ್ಸರ್‌ಗಳಿಗಿಂತ ಮೊದಲು ಕೈಗೆತ್ತಿಕೊಂಡದ್ದು ಗ್ಲಯೋಬ್ಲಾಸ್ಟೋಮವನ್ನೇ. 2008ರಲ್ಲಿ 206 ಗಡ್ಡೆಗಳ ವಿವರ ಬಂತು. ಯಾವ ಜೀನ್‌ಗಳು ಕೆಟ್ಟಿವೆ ಅಂತ ಗೊತ್ತಾಯಿತಲ್ಲ, ಇನ್ನು ಒಂದೊಂದಕ್ಕೂ ಔಷಧ ಮಾಡಿದರಾಯಿತು ಅಂತ ನಮ್ಮ ಕ್ಷೇತ್ರದಲ್ಲಿ ದೊಡ್ಡ ಉತ್ಸಾಹ ಇತ್ತು. ಇಜಿಎಫ್‌ಆರ್ ಅನ್ನುವ ಜೀನಿನ ಒಂದು ವಿಚಿತ್ರ ರೂಪ ಕೆಲವು ಗಡ್ಡೆಗಳಲ್ಲಿ ಸಿಗುತ್ತದೆ, ದೇಹದ ಬೇರೆ ಕಡೆ ಸಿಗುವುದಿಲ್ಲ. ಇದಕ್ಕಿಂತ ಒಳ್ಳೆಯ ಗುರಿ ಬೇಕಾ? ಅದರ ವಿರುದ್ಧ ರಿಂಡೋಪೆಪಿಮಟ್ ಅನ್ನುವ ಲಸಿಕೆ ಮಾಡಿ 745 ರೋಗಿಗಳಲ್ಲಿ ಪರೀಕ್ಷಿಸಿದರು. 2017ರಲ್ಲಿ ಫಲಿತಾಂಶ ಬಂತು. ಯಾವ ಉಪಯೋಗವೂ ಆಗಲಿಲ್ಲ. ಮತ್ತೆ ಬಂದ ಗಡ್ಡೆಗಳನ್ನು ತೆಗೆದು ನೋಡಿದರೆ, ಬಹಳಷ್ಟರಲ್ಲಿ ಆ ಗುರಿಯೇ ಮಾಯವಾಗಿತ್ತು, ಲಸಿಕೆ ತಗೊಳ್ಳದವರಲ್ಲೂ.

ಯಾಕೆ ಹೀಗಾಯಿತು ಅಂತ ಅರ್ಥವಾಗಲು ಗಡ್ಡೆಯನ್ನು ಒಟ್ಟಿಗೆ ಅರೆದು ಓದುವುದನ್ನು ಬಿಟ್ಟು, ಕೋಶ ಕೋಶ ಬಿಡಿಸಿ ಓದಬೇಕಾಯಿತು. 2014ರಲ್ಲಿ ಬಾಸ್ಟನ್ನಿನ ತಂಡ ಐದು ರೋಗಿಗಳ ಗಡ್ಡೆಯಿಂದ 430 ಕೋಶಗಳನ್ನು ಬೇರೆ ಮಾಡಿ ಒಂದೊಂದರ ಆರ್‌ಎನ್‌ಎ ಓದಿತು. ಕೋಶದಲ್ಲಿ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಅಂತ ಆರ್‌ಎನ್‌ಎ ಹೇಳುತ್ತದೆ. ಒಂದೇ ಗಡ್ಡೆಯೊಳಗೆ ಹಲವು ಬಗೆಯ ಕೋಶಗಳು ಸಿಕ್ಕವು. 2019ರಲ್ಲಿ ಅದೇ ಕೆಲಸ ಮುಂದುವರಿದು, ಈ ಕೋಶಗಳು ಮುಖ್ಯವಾಗಿ ನಾಲ್ಕು ಸ್ಥಿತಿಗಳಲ್ಲಿ ಇರುತ್ತವೆ, ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಲೂ ಇರುತ್ತವೆ ಅಂತ ತಿಳಿಯಿತು. ಆ ಸ್ಥಿತಿಗಳಲ್ಲಿ ಎರಡು, ಗರ್ಭದಲ್ಲಿ ಮಿದುಳು ಬೆಳೆಯುವಾಗ ಇರುವ ಎಳೆಯ ಕೋಶಗಳ ಥರವೇ ಇವೆ. ಎಳೆಯ ಕೋಶಗಳ ಕೆಲಸವೇ ನಡೆಯುವುದು, ಹರಡುವುದು, ತಂತು ಚಾಚುವುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ವರ್ಷ ಇನ್ನೊಂದು ಅಧ್ಯಯನ ಬಂತು. ಹಲವು ದೇಶಗಳವರು ಸೇರಿ 222 ರೋಗಿಗಳಲ್ಲಿ ಮೊದಲ ಗಡ್ಡೆ, ಮರಳಿ ಬಂದ ಗಡ್ಡೆ ಎರಡರ ಜೀನ್‌ಗಳನ್ನೂ ಹೋಲಿಸಿದರು. ಔಷಧಕ್ಕೆ ಜಗ್ಗದ ಹೊಸ ಬದಲಾವಣೆ ಎದ್ದು ಕಾಣಬಹುದು ಅಂತ ಎಲ್ಲರಿಗೂ ನಿರೀಕ್ಷೆ. ಚಿಕಿತ್ಸೆಯ ಒತ್ತಡಕ್ಕೆ ಆಯ್ಕೆಯಾಗಿ ಬಂದ ಬದಲಾವಣೆ ಅಂತ ಬೊಟ್ಟು ಮಾಡಿ ತೋರಿಸುವಂಥದ್ದು ಹೆಚ್ಚೇನೂ ಸಿಗಲಿಲ್ಲ. ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಬಂದ ಅತಿ ಮುಖ್ಯವಾದ ‘ಇಲ್ಲ’ ಇದು. ಮರಳಿ ಬಂದದ್ದು ಬಹುಮಟ್ಟಿಗೆ ಅದೇ ಗಡ್ಡೆ. ಬದುಕುಳಿಯಲು ಅದಕ್ಕೆ ಹೊಸ ಜೀನ್ ಬೇಕಾಗಿರಲಿಲ್ಲ. ಹಾಗಾದರೆ ರೇಡಿಯೇಷನ್ನನ್ನೂ ಮಾತ್ರೆಯನ್ನೂ ಅದು ಹೇಗೆ ತಡೆದುಕೊಂಡಿತು?

ಇಲ್ಲಿ ನೀವು ಕೇಳಿದ ಜರ್ಮನಿಯ ಕೆಲಸ ಬರುತ್ತದೆ. ಹೈಡೆಲ್‌ಬರ್ಗಿನ ಫ್ರಾಂಕ್ ವಿಂಕ್ಲರ್ ನರರೋಗ ವೈದ್ಯರು, ಸಂಶೋಧಕರೂ ಹೌದು. ಮೇಣದ ಬ್ಲಾಕಿನಲ್ಲಿ ಸತ್ತ ಕೋಶವನ್ನು ಎಷ್ಟು ನೋಡಿದರೂ ಅದು ನಿನ್ನೆ ಎಲ್ಲಿತ್ತು, ನಾಳೆ ಎಲ್ಲಿಗೆ ಹೋಗುತ್ತಿತ್ತು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಅವರ ತಂಡ ಜೀವಂತ ಮಿದುಳಿನೊಳಗೇ ನೋಡಿತು. ರೋಗಿಗಳ ಗಡ್ಡೆಯಿಂದ ಬೆಳೆಸಿದ ಕೋಶಗಳಿಗೆ ಹೊಳೆಯುವ ಪ್ರೋಟೀನಿನ ಜೀನ್ ಸೇರಿಸುತ್ತಾರೆ. ಇಲಿಗೆ ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಸಣ್ಣ ವೃತ್ತ ಕೊರೆದು, ಮೂಳೆಯ ಬದಲು ತೆಳುವಾದ ಗಾಜು ಕೂರಿಸುತ್ತಾರೆ. ಆ ಕಿಟಕಿಯ ಕೆಳಗೆ ಕೋಶಗಳನ್ನು ಬಿಡುತ್ತಾರೆ. ಆಮೇಲೆ ಟೂ-ಫೋಟಾನ್ ಮೈಕ್ರೋಸ್ಕೋಪಿನಿಂದ ನೋಡುತ್ತಾರೆ. ಇದರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಬಳಸುತ್ತಾರೆ. ಅದು ಮಿದುಳಿನೊಳಕ್ಕೆ ಆಳವಾಗಿ ಇಳಿಯುತ್ತದೆ, ಕೋಶಕ್ಕೆ ಹಾನಿ ಕಡಿಮೆ. ಎರಡು ಫೋಟಾನ್ ಒಟ್ಟಿಗೆ ಬಿದ್ದ ಜಾಗ ಮಾತ್ರ ಹೊಳೆಯುತ್ತದೆ, ಆದ್ದರಿಂದ ಚಿತ್ರ ಮಸುಕಾಗುವುದಿಲ್ಲ. ರಕ್ತನಾಳಗಳಿಗೂ ಬಣ್ಣ ಹಾಕಿರುತ್ತಾರೆ. ಯಾವ ನಾಳ ಎಲ್ಲಿ ಕವಲೊಡೆದಿದೆ ಅನ್ನುವುದನ್ನೇ ಗುರುತಾಗಿ ಹಿಡಿದು, ವಾರ ಬಿಟ್ಟು ಬಂದರೂ ಅದೇ ಕೋಶದ ಮುಂದೆ ನಿಲ್ಲಬಹುದು. ಹೀಗೆ ಒಂದೇ ಗಡ್ಡೆಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿದರು.

2015ರಲ್ಲಿ ಅವರು ಪ್ರಕಟಿಸಿದ ಚಿತ್ರಗಳನ್ನು ನೋಡಿದವರು ಗಡ್ಡೆಯನ್ನು ಮೊದಲಿನ ಹಾಗೆ ಕಲ್ಪಿಸಿಕೊಳ್ಳಲು ಆಗುವುದಿಲ್ಲ. ಕೋಶಗಳಿಂದ ಉದ್ದುದ್ದ ಕೊಳವೆಯಂಥ ಬಾಲಗಳು ಹೊರಟಿವೆ. ದಪ್ಪ ಸುಮಾರು ಎರಡು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು. ಉದ್ದ ಕೆಲವು ಕಡೆ ಅರ್ಧ ಮಿಲಿಮೀಟರ್ ದಾಟುತ್ತದೆ. ಇವುಗಳಿಗೆ ‘ಟ್ಯೂಮರ್ ಮೈಕ್ರೋಟ್ಯೂಬ್’ ಅಂತ ಹೆಸರಿಟ್ಟರು. ಮುಂದಿನ ತುದಿ ಒಳ್ಳೆಯ ಮಿದುಳನ್ನು ತಡಕಾಡುತ್ತಾ ಸಾಗುತ್ತದೆ. ಕೋಶ ಎರಡಾದ ಮೇಲೆ ಅದರ ಬೀಜಕೇಂದ್ರ (ನ್ಯೂಕ್ಲಿಯಸ್) ಆ ಕೊಳವೆಯೊಳಗೇ ಜಾರಿಕೊಂಡು ದೂರ ಹೋಗುತ್ತದೆ. ಒಂದರ ಬಾಲ ಇನ್ನೊಂದಕ್ಕೆ ಸೇರಿದ ಕಡೆ ಕನೆಕ್ಸಿನ್ 43 ಅನ್ನುವ ಪ್ರೋಟೀನಿನಿಂದ ಬಾಗಿಲು ತೆರೆದಿರುತ್ತದೆ. ಅದರ ಮೂಲಕ ಕ್ಯಾಲ್ಸಿಯಂ ಅಲೆ ಒಂದು ಕೋಶದಿಂದ ಮುಂದಿನದಕ್ಕೆ ಹರಿಯುತ್ತದೆ. ಗರಿಕೆ ಹುಲ್ಲು ಕಿತ್ತವರಿಗೆ ಇದು ಬೇಗ ಅರ್ಥವಾಗುತ್ತದೆ. ಮೇಲೆ ಕಂಡ ಬುಡವನ್ನು ಕಿತ್ತರೂ ನೆಲದೊಳಗಿನ ಹಂಬು ಗಿಣ್ಣು ಗಿಣ್ಣಿಗೂ ಮತ್ತೆ ಚಿಗುರುತ್ತದೆ.

ಆಮೇಲೆ ಆ ಇಲಿಗಳಿಗೆ ರೇಡಿಯೇಷನ್ ಕೊಟ್ಟು ಅದೇ ಜಾಗ ನೋಡಿದರು. ಒಂಟಿಯಾಗಿದ್ದ ಕೋಶಗಳು ಸತ್ತವು. ಬಾಲದಿಂದ ಜೋಡಿಸಿಕೊಂಡಿದ್ದವು ಬಹಳಷ್ಟು ಉಳಿದವು. ಕ್ಯಾಲ್ಸಿಯಂ ಒಂದರಲ್ಲಿ ವಿಪರೀತ ಏರಿದರೆ ಅದು ಸಾಯುತ್ತದೆ. ಜೋಡಣೆ ಇದ್ದಾಗ ಆ ಹೊರೆ ಎಲ್ಲರಿಗೂ ಹಂಚಿಹೋಗುತ್ತದೆ. ಲೇಸರಿನಿಂದ ಒಂದೇ ಒಂದು ಕೋಶವನ್ನು ಸುಟ್ಟು ನೋಡಿದಾಗ, ಆ ಖಾಲಿ ಜಾಗಕ್ಕೆ ಕೊಳವೆಯ ಮೂಲಕ ಬೇರೆ ಬೀಜಕೇಂದ್ರ ಬಂದು ಕೂತಿತು. 2017ರಲ್ಲಿ ಅದೇ ತಂಡ ಆಪರೇಷನ್ನಿನಂಥ ಗಾಯ ಮಾಡಿಯೂ ನೋಡಿತು. ಸುತ್ತಲಿನ ಕೋಶಗಳು ಗಾಯದ ಕಡೆಗೆ ಬಾಲ ಚಾಚಿ ಅಲ್ಲಿ ಮತ್ತೆ ತುಂಬಿಕೊಂಡವು, ಮೊದಲಿಗಿಂತ ದಟ್ಟವಾಗಿ. ಟೆಮೊಜೊಲೊಮೈಡ್ ಕೊಟ್ಟಾಗಲೂ ಜೋಡಿಸಿಕೊಂಡ ಕೋಶಗಳೇ ಹೆಚ್ಚು ಉಳಿದವು. ನಿಮ್ಮ ಅಣ್ಣನಿಗೆ ಗಾಯದ ಪಕ್ಕದಲ್ಲೇ ಮರಳಿ ಬಂದದ್ದಕ್ಕೂ, ಮಿಥೈಲೇಟೆಡ್ ಆಗಿದ್ದೂ ಮಾತ್ರೆ ಸಾಲದೆ ಹೋದದ್ದಕ್ಕೂ ಇದಕ್ಕಿಂತ ಸರಿಯಾದ ವಿವರಣೆ ನನಗೆ ಕಂಡಿಲ್ಲ.

ಜೀನಿಗೂ ಇದಕ್ಕೂ ಸಂಬಂಧ ಇದೆ. ಆಲಿಗೋಡೆಂಡ್ರೋಗ್ಲಯೋಮ ಅನ್ನುವ ಇನ್ನೊಂದು ಮಿದುಳಿನ ಗಡ್ಡೆಯಲ್ಲಿ 1ನೇ ಮತ್ತು 19ನೇ ಕ್ರೋಮೋಸೋಮಿನ ಒಂದೊಂದು ತುಂಡು ಒಟ್ಟಿಗೆ ಕಳೆದುಹೋಗಿರುತ್ತದೆ. ಆ ರೋಗಿಗಳಿಗೆ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ ಅಂತ 1990ರ ದಶಕದಿಂದ ಗೊತ್ತಿತ್ತು. ವಿಂಕ್ಲರ್ ತಂಡ ನೋಡಿದಾಗ ಆ ಗಡ್ಡೆಯ ಕೋಶಗಳಿಗೆ ಇಂಥ ಬಾಲಗಳು ತೀರಾ ಕಡಿಮೆ. ಸ್ಲೈಡಿನಲ್ಲಿ, ಜೀನ್ ಪಟ್ಟಿಯಲ್ಲಿ ವರ್ಷಗಟ್ಟಲೆ ಕಂಡ ಒಂದು ವ್ಯತ್ಯಾಸಕ್ಕೆ ಕಣ್ಣಿಗೆ ಕಾಣುವ ಕಾರಣ ಸಿಕ್ಕಿತು.

ನರಗಳ ವಿಷಯವೂ ನಿಜ. ಸ್ಟ್ಯಾನ್‌ಫರ್ಡಿನ ಮಿಷೆಲ್ ಮೋಂಜೆ ಮಕ್ಕಳ ಮಿದುಳಿನ ಗಡ್ಡೆಯ ವೈದ್ಯೆ. ಅವರ ತಂಡ 2015ರಲ್ಲಿ ಇಲಿಯ ನರಕೋಶಗಳನ್ನು ನೀಲಿ ಬೆಳಕಿನಿಂದ ಚುರುಕುಗೊಳಿಸಿತು. ಪಕ್ಕದ ಗಡ್ಡೆ ಬೇಗ ಬೆಳೆಯಿತು. ಚುರುಕಾದ ನರದ ಸುತ್ತ ನ್ಯೂರೋಲಿಗಿನ್-3 ಅನ್ನುವ ಪ್ರೋಟೀನ್ ಹೊರಬರುತ್ತದೆ, ಗಡ್ಡೆ ಅದನ್ನು ಉಣ್ಣುತ್ತದೆ. ಆ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಗಡ್ಡೆ ಬೆಳೆಯುವುದೇ ಕಷ್ಟವಾಯಿತು. 2019ರಲ್ಲಿ ಮೋಂಜೆ ತಂಡ ಮತ್ತು ಹೈಡೆಲ್‌ಬರ್ಗ್ ತಂಡ ಒಟ್ಟಿಗೆ ಇನ್ನೊಂದು ಸಂಗತಿ ತೋರಿಸಿದವು. ನರಕೋಶ ಗಡ್ಡೆಯ ಕೋಶದ ಜೊತೆ ನೇರವಾಗಿ ಸಿನಾಪ್ಸ್ ಕಟ್ಟಿಕೊಳ್ಳುತ್ತದೆ. ಒಂದು ನರ ಇನ್ನೊಂದು ನರಕ್ಕೆ ಸುದ್ದಿ ದಾಟಿಸುವ ಅದೇ ಕೂಡುಜಾಗ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ರೋಗಿಗಳಿಂದ ತೆಗೆದ ಚೂರುಗಳಲ್ಲೂ ಅದು ಕಂಡಿತು. ನಾವು ಯೋಚಿಸುವಾಗ, ಮಾತಾಡುವಾಗ ಓಡುವ ಸಂಕೇತವೇ ಗಡ್ಡೆಗೂ ತಲುಪುತ್ತಿದೆ. 2025ರಲ್ಲಿ ವಿಂಕ್ಲರ್ ಮತ್ತು ಮೋಂಜೆ ಇಬ್ಬರಿಗೂ ಸೇರಿ ಬ್ರೇನ್ ಪ್ರೈಜ್ ಬಂತು. ನರವಿಜ್ಞಾನದಲ್ಲಿ ಅದು ಬಹಳ ದೊಡ್ಡ ಮರ್ಯಾದೆ. ಇದನ್ನು ಓದಿ ಅಣ್ಣನಿಗೆ ಯೋಚನೆ ಮಾಡಬೇಡ, ಓದಬೇಡ ಅಂತ ಮಾತ್ರ ಹೇಳಬೇಡಿ. ಮಿದುಳನ್ನು ಸುಮ್ಮನಿಟ್ಟರೆ ಗಡ್ಡೆ ನಿಲ್ಲುತ್ತದೆ ಅಂತ ಯಾರೂ ತೋರಿಸಿಲ್ಲ. ಅವರ ಮಾತು, ನಗು, ಪೇಪರ್ ಓದುವುದು ಎಲ್ಲ ಇರಲಿ.

ನೋಡುವುದನ್ನೂ ಓದುವುದನ್ನೂ ಒಟ್ಟಿಗೆ ಮಾಡಿದ ಕೆಲಸ ಇನ್ನೂ ಚೆಂದ. ಎಸ್‌ಆರ್101 ಅನ್ನುವ ಕೆಂಪು ಬಣ್ಣ ಜೋಡಿಸಿಕೊಂಡ ಕೋಶಗಳ ಒಳಗೆ ಚೆನ್ನಾಗಿ ಇಳಿಯುತ್ತದೆ, ಒಂಟಿ ಕೋಶಗಳಿಗೆ ಇಳಿಯುವುದು ಕಡಿಮೆ. ಹೈಡೆಲ್‌ಬರ್ಗಿನವರು ಗಡ್ಡೆಗೆ ಬಣ್ಣ ಹಾಕಿ, ಹೆಚ್ಚು ಕೆಂಪಾದವನ್ನೂ ಕಡಿಮೆ ಕೆಂಪಾದವನ್ನೂ ಬೇರೆ ಮಾಡಿ, ಒಂದೊಂದರ ಆರ್‌ಎನ್‌ಎ ಓದಿದರು. ಮೇಲೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಎಳೆಯ ಸ್ಥಿತಿಯ ಕೋಶಗಳೇ ಒಂಟಿಯಾಗಿ ಅಂಚಿನಲ್ಲಿ ಓಡಾಡುವವು. ಅವು ನರದ ಸಂಕೇತ ಹಿಡಿದುಕೊಂಡು ಹೊಸ ಜಾಗಕ್ಕೆ ನುಗ್ಗುತ್ತವೆ. ಅಲ್ಲಿ ನೆಲೆಯೂರಿದ ಮೇಲೆ ಬಾಲ ಜೋಡಿಸಿಕೊಂಡು, ಚಿಕಿತ್ಸೆಗೆ ಜಗ್ಗದವುಗಳಾಗುತ್ತವೆ. ಡಿಎನ್‌ಎ ಎರಡರಲ್ಲೂ ಒಂದೇ. ಅದಕ್ಕೇ ಅಣ್ಣನ ರಿಪೋರ್ಟಿನಲ್ಲಿ ಇದು ಯಾವುದೂ ಕಾಣುವುದಿಲ್ಲ. 2023ರಲ್ಲಿ ಇನ್ನೂ ಒಂದು ಸಂಗತಿ ತಿಳಿಯಿತು. ಈ ಬಲೆಯೊಳಗೆ ಕೆಲವೇ ಕೆಲವು ಕೋಶಗಳು ತಾವಾಗಿಯೇ ತಾಳ ಹಿಡಿದಂತೆ ಕ್ಯಾಲ್ಸಿಯಂ ಅಲೆ ಹುಟ್ಟಿಸುತ್ತವೆ, ಉಳಿದವು ಅದರ ಮೇಲೆ ನಡೆಯುತ್ತವೆ. ಆ ಕೆಲವನ್ನು ನಿಲ್ಲಿಸಿದರೆ ಇಲಿಯಲ್ಲಿ ಬೆಳವಣಿಗೆ ಕುಗ್ಗುತ್ತದೆ.

ನಮ್ಮಲ್ಲೂ ಈ ರೋಗದ ಮೇಲೆ ಗಟ್ಟಿ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ತಂಡಗಳು, ವಾಣಿ ಸಂತೋಷ್ ಹಾಗೂ ಕುಮಾರವೇಲ್ ಸೋಮಸುಂದರಂ ಅವರಂಥವರು, ನಮ್ಮ ರೋಗಿಗಳ ಗ್ಲಯೋಬ್ಲಾಸ್ಟೋಮದಲ್ಲಿ ಯಾವ ಜೀನ್‌ಗಳು ಏರಿವೆ, ಯಾವುದರ ಬಾಯಿ ಕಟ್ಟಿದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಪಾಶ್ಚಾತ್ಯರ ಪಟ್ಟಿಯನ್ನೇ ನಂಬಿ ಕೂರದೆ ಇಲ್ಲಿನ ಗಡ್ಡೆಗಳನ್ನು ಓದಿದ್ದು ದೊಡ್ಡ ಮಾತು.

ಔಷಧ ಬಂದಿದೆಯಾ ಅಂದಿರಿ. ಇನ್ನೂ ಇಲ್ಲ. ಸಿನಾಪ್ಸಿನ ಸಂಕೇತವನ್ನು ತಡೆಯುವ ಪೆರಂಪನೆಲ್ ಅನ್ನುವ ಫಿಟ್ಸ್ ಮಾತ್ರೆ ಇಲಿಗಳಲ್ಲಿ ಗಡ್ಡೆಯನ್ನು ನಿಧಾನ ಮಾಡಿತು. ಕೋಶಗಳ ನಡುವಿನ ಬಾಗಿಲನ್ನು ಮುಚ್ಚುವ ಮೆಕ್ಲೋಫೆನಮೇಟ್ ಅನ್ನುವ ಹಳೆಯ ನೋವಿನ ಔಷಧವನ್ನೂ ನೋಡುತ್ತಿದ್ದಾರೆ. ಎರಡರ ಮೇಲೂ ಜರ್ಮನಿಯಲ್ಲಿ ರೋಗಿಗಳಲ್ಲಿ ಪ್ರಯೋಗ ಶುರುವಾಗಿದೆ. ಪೆರಂಪನೆಲ್ ನಮ್ಮ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ ಅಂತ ನೀವೇ ತಂದು ಕೊಡಬೇಡಿ. ಅದರಿಂದ ಕೆಲವರಿಗೆ ವಿಪರೀತ ಸಿಟ್ಟು, ಮನಸ್ಸಿನ ತೊಂದರೆ ಬರುತ್ತದೆ. ಹಿಂದೆ ವಾಲ್ಪ್ರೊಯೇಟ್, ಲೆವೆಟಿರಸೆಟಮ್ ಅನ್ನುವ ಫಿಟ್ಸ್ ಮಾತ್ರೆಗಳ ಬಗ್ಗೆಯೂ ಹೀಗೇ ಆಸೆ ಹುಟ್ಟಿತ್ತು. ಹಲವು ಪ್ರಯೋಗಗಳ ರೋಗಿಗಳನ್ನು ಒಟ್ಟು ಸೇರಿಸಿ 2016ರಲ್ಲಿ ನೋಡಿದಾಗ ಆಯಸ್ಸು ಹೆಚ್ಚಾದದ್ದು ಕಾಣಲಿಲ್ಲ. ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲಿ ಆಗಲೇಬೇಕು ಅಂತಿಲ್ಲ. ಈ ಇಲಿಗಳಲ್ಲಿ ಮನುಷ್ಯರ ಕೋಶ ಬೆಳೆಯಲಿ ಅಂತ ರೋಗನಿರೋಧಕ ಶಕ್ತಿಯನ್ನೇ ಕುಂದಿಸಿರುತ್ತಾರೆ, ಅದೊಂದೇ ಸಾಕು ಲೆಕ್ಕ ತಪ್ಪಲು.

ಈಗ ನೀವು ಮಾಡಬಹುದಾದದ್ದು. ಮೊದಲು, ಮತ್ತೆ ಬಂದಿದೆ ಅನ್ನುವುದು ಖಚಿತವಾ ಅಂತ ಕೇಳಿ. ರೇಡಿಯೇಷನ್ ಆದ ಮೇಲೆ ಚಿಕಿತ್ಸೆಯ ಊತವೇ ಸ್ಕ್ಯಾನಿನಲ್ಲಿ ಗಡ್ಡೆಯ ಥರ ಕಾಣುವುದುಂಟು, ಎಂಜಿಎಂಟಿ ಮಿಥೈಲೇಟೆಡ್ ಇರುವವರಲ್ಲಿ ಇನ್ನೂ ಜಾಸ್ತಿ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಆದರೆ ತಡವಾಗಿಯೂ ಆಗಬಹುದು. ಪರ್ಫ್ಯೂಷನ್ ಎಂಆರ್‌ಐ ಅಥವಾ ಪೆಟ್ ಸ್ಕ್ಯಾನ್ ಮಾಡಿದ್ದಾರಾ, ಟ್ಯೂಮರ್ ಬೋರ್ಡಿನಲ್ಲಿ, ಅಂದರೆ ಬೇರೆ ಬೇರೆ ವಿಭಾಗದ ವೈದ್ಯರು ಕೂಡುವ ಸಭೆಯಲ್ಲಿ, ಚರ್ಚೆ ಆಗಿದೆಯಾ ಕೇಳಿ. ಇದನ್ನು ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಎರಡನೆಯದು, ಆ ಬ್ಲಾಕ್. ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿಯಲ್ಲಿ ಅದು ಇರುತ್ತದೆ. ಅಣ್ಣನಿಗೆ 55 ತುಂಬಿಲ್ಲ. ಕಂದು ಬಣ್ಣದ ಟೆಸ್ಟ್ ಹಿಡಿಯುವುದು ಆರ್132ಎಚ್ ಒಂದನ್ನೇ. ಗ್ಲಯೋಮ ಅನ್ನುವ ಈ ಜಾತಿಯ ಗಡ್ಡೆಗಳ ಐಡಿಎಚ್ ಬದಲಾವಣೆಗಳಲ್ಲಿ ನೂರಕ್ಕೆ ಸುಮಾರು 90 ಅದೇ. ಉಳಿದ ಅಪರೂಪದವು ತಪ್ಪಿಹೋಗಬಹುದು. ಅದಕ್ಕೇ 55 ತುಂಬದವರಿಗೆ ಐಡಿಎಚ್1, ಐಡಿಎಚ್2 ಸೀಕ್ವೆನ್ಸಿಂಗ್ ಮಾಡಿ ಖಚಿತಪಡಿಸಿಕೊಳ್ಳಬೇಕು ಅಂತಲೇ ನಿಯಮ. ಎಟಿಆರ್‌ಎಕ್ಸ್ ರಿಟೇನ್ಡ್ ಇರುವುದರಿಂದ, ಅಂದರೆ ಆ ಹೆಸರಿನ ಪ್ರೋಟೀನ್ ಕಳೆದುಹೋಗದೆ ಉಳಿದಿರುವುದರಿಂದ, ಅಣ್ಣನದು ಗ್ಲಯೋಬ್ಲಾಸ್ಟೋಮವೇ ಆಗಿರುವ ಸಾಧ್ಯತೆ ಹೆಚ್ಚು. ಆದರೂ ಒಮ್ಮೆ ಕೇಳಿ. ಅದೇ ಬ್ಲಾಕಿನಲ್ಲಿ ಬಿಆರ್‌ಎಎಫ್ ವಿ600ಇ, ಎನ್‌ಟಿಆರ್‌ಕೆ ಫ್ಯೂಷನ್ ಅನ್ನುವ ಜೀನ್ ಬದಲಾವಣೆಗಳು ಇವೆಯಾ ಅಂತಲೂ ಪರೀಕ್ಷಿಸಬಹುದು. ತೀರಾ ಅಪರೂಪ, ಆದರೆ ಸಿಕ್ಕರೆ ಅದಕ್ಕೆಂದೇ ಮಾತ್ರೆ ಇದೆ. ಲಕ್ಷಗಟ್ಟಲೆಯ ದೊಡ್ಡ ಪ್ಯಾನೆಲ್ ಬೇಡ. ಇಷ್ಟನ್ನು ಉತ್ತರಿಸುವ ಚಿಕ್ಕ ಟೆಸ್ಟ್ ಸಾಕು. ಮತ್ತೆ ಆಪರೇಷನ್ ಆದರೆ ಹೊಸ ಚೂರಿನ ಬ್ಲಾಕನ್ನೂ ಜೋಪಾನವಾಗಿ ಇಡಲು ಹೇಳಿ.

ಮರಳಿ ಬಂದಾಗ ಇನ್ನೊಂದು ಆಪರೇಷನ್, ಲೋಮುಸ್ಟೀನ್ ಅನ್ನುವ ಬೇರೆ ಕೀಮೋ ಔಷಧ, ಮತ್ತೊಮ್ಮೆ ಟೆಮೊಜೊಲೊಮೈಡ್, ಚಿಕ್ಕ ಜಾಗಕ್ಕೆ ಇನ್ನೊಮ್ಮೆ ರೇಡಿಯೇಷನ್ ಇವೆಲ್ಲ ಇವೆ. ಯಾವುದು ಅನ್ನುವುದು ಗಡ್ಡೆಯ ಜಾಗ, ಅಣ್ಣನ ಓಡಾಟ, ಶಕ್ತಿ ನೋಡಿ ತೀರ್ಮಾನವಾಗುತ್ತದೆ. ಬೆವಸಿಜುಮ್ಯಾಬ್ ಇಂಜೆಕ್ಷನ್ ಊತ ಇಳಿಸಿ ಸ್ವಲ್ಪ ದಿನ ನೆಮ್ಮದಿ ಕೊಡುತ್ತದೆ, ಆಯಸ್ಸು ಹೆಚ್ಚಿಸಿದ್ದು ಪ್ರಯೋಗಗಳಲ್ಲಿ ಕಂಡಿಲ್ಲ. ಅದಕ್ಕಾಗಿ ಮನೆ, ಜಮೀನು ಮಾರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ದೇಶದಲ್ಲಿ ಯಾವ ಪ್ರಯೋಗ ನಡೆದಿದೆ ಅಂತ ಸಿಟಿಆರ್‌ಐ ನೋಂದಣಿಯಲ್ಲಿ ಯಾರು ಬೇಕಾದರೂ ನೋಡಬಹುದು. ಪರೀಕ್ಷೆ ಹಂತದ ಔಷಧಕ್ಕೆ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಮಕ್ಕಳ ವಿಷಯ. ಈ ಬದಲಾವಣೆಗಳು ಅಣ್ಣನ ಮಿದುಳಿನ ಒಂದು ಕೋಶದಲ್ಲಿ, ದೊಡ್ಡವರಾದ ಮೇಲೆ ಆದವು. ಗಡ್ಡೆಯ ಜೀನ್‌ಗಳನ್ನು ಹಿಂದಕ್ಕೆ ಲೆಕ್ಕ ಹಾಕಿದ ಜರ್ಮನ್ ಅಧ್ಯಯನದ ಪ್ರಕಾರ, ಮೊದಲ ಬದಲಾವಣೆ ರೋಗ ಕಾಣುವುದಕ್ಕೆ ಎರಡರಿಂದ ಏಳು ವರ್ಷ ಮೊದಲು ಆಗಿರುತ್ತದೆ. ಅಣ್ಣನ ಮಕ್ಕಳು ಹುಟ್ಟಿದ್ದು ಅದಕ್ಕೂ ಮೊದಲೇ ಇರಬೇಕು, ಹೇಗೂ ಅದು ಮಿದುಳಿನಿಂದ ಮಕ್ಕಳಿಗೆ ಹೋಗುವುದಿಲ್ಲ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹಲವರಿಗೆ ಕ್ಯಾನ್ಸರ್ ಬಂದಿದ್ದರೆ, ಅಥವಾ ಯಾರಿಗಾದರೂ ಮೈಮೇಲೆ ಕಾಫಿ ಬಣ್ಣದ ದೊಡ್ಡ ಮಚ್ಚೆಗಳು ಬಹಳ ಇದ್ದರೆ ಮಾತ್ರ ಜೆನೆಟಿಕ್ ಕೌನ್ಸೆಲರ್ ಹತ್ತಿರ ಒಮ್ಮೆ ಮಾತಾಡಿ. ಅಂಥದ್ದೇನೂ ಇಲ್ಲದಿದ್ದರೆ ಮಕ್ಕಳಿಗೆ ಟೆಸ್ಟೂ ಬೇಡ, ಸ್ಕ್ಯಾನೂ ಬೇಡ. ಆ ದುಡ್ಡನ್ನು ಅಣ್ಣನ ಫಿಸಿಯೋಥೆರಪಿಗೆ ಇಡಿ.